ಹದಿನಾಲ್ಕು ಚಾಪೆ

ಹನ್ನೊಂದನೆಯ ಊದುಗೊಳವೆಯ ಬಾಯಿಯನ್ನು ಒಣಬಟ್ಟೆಯಿಂದ ಒರೆಸುತ್ತಿದ್ದಾಗ ಕರಿಬಸಮ್ಮ ಒಳಗೆ ಬಂದಳು. ತರಗತಿ ಶುರುವಾಗಲು ಇನ್ನೂ ಅರ್ಧ ಗಂಟೆ ಇತ್ತು. ಅವಳು ಯಾವಾಗಲೂ ಬೇಗ ಬರುವವಳು. ತನ್ನ ಚಾಪೆಯನ್ನು ತಾನೇ ಬಿಡಿಸಿ ಹಾಸಿಕೊಂಡು, ಗೋಡೆಗೆ ಒರಗಿ ಕೂತು, ಸಣ್ಣ ಡಬ್ಬಿಯಿಂದ ನೆನೆಸಿದ ಅವಲಕ್ಕಿ ತೆಗೆದು ತಿನ್ನತೊಡಗಿದಳು.

"ಕೊಳವೆಗೆ ಇಷ್ಟು ಸೇವೆ ಮಾಡ್ತೀರಲ್ಲ ಟೀಚರಮ್ಮ, ಇದರಲ್ಲಿ ಅರ್ಧ ಗಂಡನಿಗೆ ಮಾಡಿದ್ರೆ ಇನ್ನೊಂದು ಸರ ಮಾಡಿಸಿಕೊಡ್ತಿದ್ರು," ಎಂದಳು.

"ನಮ್ಮವರನ್ನ ಎಷ್ಟು ಒರೆಸಿದರೂ ಸದ್ದು ಬರ್ತದೆ, ಗಾಳಿ ಬರಲ್ಲ," ಎಂದೆ.

ಅವಳು ಅವಲಕ್ಕಿ ನೆತ್ತಿಗೇರುವಷ್ಟು ನಕ್ಕಳು. ಹನ್ನೆರಡು, ಹದಿಮೂರು, ಹದಿನಾಲ್ಕು ಎಂದು ಉಳಿದ ಕೊಳವೆಗಳನ್ನೂ ಒರೆಸಿ ಸಾಲಾಗಿ ಇಟ್ಟೆ. ನನ್ನ ತರಗತಿಯಲ್ಲಿ ಹದಿನಾಲ್ಕು ಚಾಪೆ, ಹದಿನಾಲ್ಕು ಕೊಳವೆ, ಹದಿನಾಲ್ಕು ಹೆಂಗಸರು. ಇಪ್ಪತ್ತೆರಡು ವರ್ಷದಿಂದ ಹೀಗೆಯೇ. ಒಬ್ಬಳ ಮನೆಯಲ್ಲಿ ಒಲೆ ಹೊತ್ತಿಕೊಂಡು ಅವಳು ಬರುವುದು ನಿಂತರೆ, ಮುಂದಿನ ಸೋಮವಾರದೊಳಗೆ ಇನ್ನೊಬ್ಬಳು ಸಂಕೋಚದಿಂದ ಬಾಗಿಲಲ್ಲಿ ನಿಂತಿರುತ್ತಾಳೆ. ಇದು ನನ್ನ ತರಗತಿಗೆ ಬಂದ ಒಳ್ಳೆಯ ಹೆಸರು ಎಂದುಕೊಂಡಿದ್ದೆ.

ನಮ್ಮದು ಮಂಡಕ್ಕಿ ಹುರಿಯುವ ಊರು. ಒಲೆ ಇದ್ದವರು ಉಪ್ಪುನೀರಿನ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದು ಮಾರಿ ಬದುಕುತ್ತಾರೆ. ಒಲೆ ಹೊತ್ತದ ಮನೆಯವರು ಹೊತ್ತುವ ಮನೆಗಳಿಗೆ ಕೂಲಿಗೆ ಹೋಗುತ್ತಾರೆ. ಆ ಮನೆಗಳಲ್ಲಿ ದೀಪ ಹೊತ್ತುತ್ತದೆ, ಊದುಬತ್ತಿ ಹೊತ್ತುತ್ತದೆ, ಗಂಡಸರ ಬೀಡಿಯೂ ಹೊತ್ತುತ್ತದೆ. ಅದೇ ಕಡ್ಡಿಯನ್ನು ಒಲೆಯ ಸೌದೆಗೆ ಹಿಡಿದರೆ ಒಂದು ಸಲ ನಾಲಗೆ ಚಾಚಿ ಆರಿಹೋಗುತ್ತದೆ. ಅಂಥ ಮನೆಗಳು ಹೆಚ್ಚಾಗಿ ಕೆಳಗಿನ ಕೇರಿಯಲ್ಲಿವೆ. ಅಲ್ಲಿನವರು ತಣ್ಣಗಿನದನ್ನೇ ತಿನ್ನುತ್ತಾರೆ, ತಣ್ಣೀರಿನಲ್ಲೇ ಬಾಣಂತನ ಮಾಡುತ್ತಾರೆ. ಊದುವುದು ಸರಿಯಾಗಿ ಬರದಿರುವುದರಿಂದಲೇ ಹೀಗಾಗುತ್ತದೆ ಎಂಬುದು ಊರಿಗೆಲ್ಲ ಗೊತ್ತಿರುವ ಮಾತು. ಅದಕ್ಕಾಗಿಯೇ ಒಲೆ ಕಲ್ಯಾಣ ಸಂಘ ಇದೆ, ಸಂಘದ ಗೋಡೆಯ ಮೇಲೆ 'ಚೆನ್ನಾಗಿ ಊದಿ, ಚೆನ್ನಾಗಿ ಬಾಳಿ' ಎಂಬ ಬರಹ ಇದೆ, ಅದರ ಕೆಳಗೆ ನಾನಿದ್ದೇನೆ.

ಸಂಘದ ಅಧ್ಯಕ್ಷರಾದ ತೋಟಪ್ಪನವರು ಒಳ್ಳೆಯ ಮನುಷ್ಯರು. ಊರಿನ ಅತಿ ದೊಡ್ಡ ಮಂಡಕ್ಕಿ ಭಟ್ಟಿ ಅವರದು. ನನ್ನ ತರಗತಿಗೆ ಒಣ ಜಾಲಿ ಸೌದೆ ಅವರ ಮನೆಯಿಂದ ಪುಕ್ಕಟೆ ಬರುತ್ತದೆ. ಚಳಿಗಾಲದಲ್ಲಿ ಕೆಳಗಿನ ಕೇರಿಗೆ ಕಂಬಳಿ ಹಂಚುವಾಗ ಮುದುಕಿಯರ ಹೆಗಲಿಗೆ ತಾವೇ ಹೊದಿಸುತ್ತಾರೆ. ಅವರ ಮನೆಯಲ್ಲಿ ಎಷ್ಟು ಒಲೆ ಇವೆ ಎಂದು ನನಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿಲ್ಲ. ನಮ್ಮಲ್ಲಿ ಒಬ್ಬರ ಮನೆಯ ಒಲೆಗಳನ್ನು ಇನ್ನೊಬ್ಬರು ಎಣಿಸುವುದಿಲ್ಲ. ಪಂಕ್ತಿಯಲ್ಲಿ ಕೂತವರ ತುತ್ತು ಎಣಿಸಿದ ಹಾಗೆ ಅದು. ಹೆಣ್ಣು ಕೊಡುವಾಗ ಕೂಡ 'ಅಡುಗೆಮನೆ ಅನುಕೂಲವಾಗಿದೆಯೇ' ಎಂದಷ್ಟೇ ಕೇಳುತ್ತೇವೆ. ಬೀದಿಯಲ್ಲಿ ನಡೆಯುವಾಗ ಚಾವಣಿಗಳ ಹೊಗೆಯ ಕಡೆ ತಲೆ ಎತ್ತುವುದಿಲ್ಲ. ಮಕ್ಕಳು ಬೆರಳು ತೋರಿಸಿದರೆ ಕೈಮೇಲೆ ಮೆಲ್ಲಗೆ ಒಂದು ಏಟು. ನಮ್ಮೂರಿನ ಹೆಂಗಸರ ನಡಿಗೆ ಬಹಳ ಮರ್ಯಾದೆಯದು ಎಂದು ಹೊರಗಿನವರು ಹೊಗಳುವುದು ಇದಕ್ಕೇ.

ಕರಿಬಸಮ್ಮ ನನ್ನ ತರಗತಿಗೆ ಬರತೊಡಗಿ ಮೂರು ವರ್ಷವಾಗಿತ್ತು. ಮೊದಲು ಅವಳ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಯುಗಾದಿ ಆದ ಮುಂದಿನ ವಾರ, ನೀರಿಗೆ ಹೋಗಿ ಬರುವಷ್ಟರಲ್ಲಿ ಆರಿ ಬೂದಿಯಾಗಿತ್ತು. ಮತ್ತೆ ಹೊತ್ತಲಿಲ್ಲ. ಗಂಡ ಮೊದಲೇ ತೀರಿಕೊಂಡಿದ್ದ. ಮನೆಯಲ್ಲಿ ಹಲ್ಲಿಲ್ಲದ ಅತ್ತೆ ಒಬ್ಬರೇ. ತನ್ನ ಬಾಣಲೆ, ಜರಡಿ ಎಲ್ಲ ಅಟ್ಟಕ್ಕೆ ಹಾಕಿ ಅವಳು ತೋಟಪ್ಪನವರ ಭಟ್ಟಿಯಲ್ಲಿ ಮರಳು ಜರಡಿ ಹಿಡಿಯುವ ಕೆಲಸಕ್ಕೆ ಸೇರಿದಳು.

ವಿಚಿತ್ರವೆಂದರೆ, ಅವಳಷ್ಟು ಚೆನ್ನಾಗಿ ಊದುವವಳನ್ನು ನಾನು ಕಂಡಿರಲಿಲ್ಲ. ಕೆನ್ನೆ ಉಬ್ಬಿಸದೆ ಹೊಟ್ಟೆಯಿಂದ ಉಸಿರೆಳೆದು, ನೂಲು ಬಿಟ್ಟ ಹಾಗೆ ಸಣ್ಣಗೆ, ತುಂಡಾಗದಂತೆ ಬಿಡುತ್ತಿದ್ದಳು. ತರಗತಿಯ ಒಲೆಯಲ್ಲಿ ಅವಳು ಊದಿದರೆ ಹಸಿಸೌದೆಯೂ ಹಿಡಿಯುತ್ತಿತ್ತು. ಅವಳ ಮನೆಯಲ್ಲಿ ಕರ್ಪೂರ ಇಟ್ಟರೂ ಹಿಡಿಯುತ್ತಿರಲಿಲ್ಲ.

"ಮನಸ್ಸಿಟ್ಟು ಊದಬೇಕು ಕಣೇ," ಎನ್ನುತ್ತಿದ್ದೆ ನಾನು.

"ಮನಸ್ಸನ್ನ ಎಲ್ಲಿ ಇಡ್ಲಿ ಟೀಚರಮ್ಮ, ಕೊಳವೆ ಒಳಗೆ ಜಾಗ ಇಲ್ಲ," ಎನ್ನುತ್ತಿದ್ದಳು.

ಅವಳಿಗೆ ಧೈರ್ಯ ಬರಲೆಂದು ನನ್ನ ಕಥೆ ಹೇಳುತ್ತಿದ್ದೆ. ನಮ್ಮೂರಿನಲ್ಲಿ ಅದು ಎಲ್ಲರಿಗೂ ಬಾಯಿಪಾಠ. ನಾನು ಹುಟ್ಟಿದ್ದು ಕೆಳಗಿನ ಕೇರಿಯಲ್ಲೇ. ಅಪ್ಪನ ನೆನಪು ನನಗಿಲ್ಲ. ಅವ್ವ ಮೂಲೆಮನೆಯ ಹಾಲಜ್ಜಿಯ ಭಟ್ಟಿಯಲ್ಲಿ ಮರಳು ತೊಳೆಯುತ್ತಿದ್ದಳು. ನಮ್ಮ ಒಲೆ ನಾನು ಹುಟ್ಟುವ ಮೊದಲಿನಿಂದಲೂ ತಣ್ಣಗಿತ್ತು. ನನಗೆ ಒಂಬತ್ತು ವರ್ಷವಿದ್ದಾಗ ಒಂದು ಬೆಳಿಗ್ಗೆ, ಹಿತ್ತಲಿನ ಪಪ್ಪಾಯಿ ಗಿಡದಿಂದ ಟೊಳ್ಳು ದಂಟು ಮುರಿದು ತಂದು, ಆಟಕ್ಕೆಂಬಂತೆ ಒಲೆಯ ಮುಂದೆ ಕೂತು ಊದಿದೆ. ತಲೆ ತಿರುಗುವ ತನಕ ಊದಿದೆ. ಒಲೆ ಹೊತ್ತಿಕೊಂಡಿತು. ಅವ್ವ ಆ ದಿನ ಗಂಜಿ ಕಾಯಿಸಿ ನನಗೆ ಬಡಿಸಿ, ತಾನು ಉಣ್ಣದೆ, ಎರಡೂ ಅಂಗೈಗಳನ್ನು ಪಾತ್ರೆಗೆ ಒತ್ತಿಕೊಂಡು ಬಹಳ ಹೊತ್ತು ಕೂತಿದ್ದಳು. ಆಮೇಲೆ ಅವಳು ಸ್ವಂತವಾಗಿ ಮಂಡಕ್ಕಿ ಹುರಿದಳು, ನನ್ನನ್ನು ಶಾಲೆಗೆ ಹಾಕಿದಳು, ಮೇಲಿನ ಬೀದಿಗೆ ಮದುವೆ ಮಾಡಿ ಕೊಟ್ಟಳು. ತೋಟಪ್ಪನವರು ಪ್ರತಿ ಸಭೆಯಲ್ಲೂ ಹೇಳುವ 'ಪಪ್ಪಾಯಿ ದಂಟಿನ ಹುಡುಗಿ' ನಾನೇ.  ಕೇಳಲು ನನಗೂ ಹಿತವಾಗುತ್ತಿತ್ತು.

ನಮ್ಮ ಮನೆಯಲ್ಲಿ ಅಡುಗೆಮನೆಯ ಒಲೆಯಲ್ಲದೆ ಹಿತ್ತಲಿನಲ್ಲಿ ಇನ್ನೊಂದು ಇತ್ತು. ಅವ್ವ ಸತ್ತ ಮೇಲೆ ಅವಳ ಮನೆ ಬೇರೆಯವರ ಪಾಲಾಯಿತು. ನಾನು ಕೇಳಿ ತಂದದ್ದು ಒಲೆಯ ಮೂರು ಕಲ್ಲು ಮಾತ್ರ. ಅವಳ ವರ್ಷದ ಪೂಜೆ ಮುಗಿಸಿದ ಮಾರನೆಯ ದಿನ ಅವನ್ನು ಹಿತ್ತಲಿನ ಹುಣಸೆಮರದ ಹತ್ತಿರ ಹೂಡಿ ಬೆಂಕಿ ಹೊತ್ತಿಸಿದೆ. ಅಲ್ಲಿ ಬೇಯಿಸುವಂಥದ್ದು ಏನೂ ಇರಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಒಂದು ಲೋಟ ಕಾಫಿ, ನನಗೊಬ್ಬಳಿಗೆ. ಅದು ಮುಗಿದ ಮೇಲೆ ಕೆಂಡಕ್ಕೆ ಬೂದಿ ಮುಚ್ಚಿಡುತ್ತಿದ್ದೆ, ಮಾರನೆಯ ದಿನದ ತನಕ ಒಳಗೇ ಕೆಂಪಗಿರುತ್ತಿತ್ತು. ಮನೆಯಲ್ಲಿ ಇಪ್ಪತ್ತೆಂಟು ವರ್ಷ ಎಲ್ಲರ ಲೋಟಗಳನ್ನೂ ತುಂಬಿದವಳಿಗೆ ತನ್ನ ಲೋಟವನ್ನು ತಾನು ಕೂತು ಕುಡಿಯಲು ಒಂದು ಜಾಗ ಬೇಕಿತ್ತು. ಯಾರೂ ಅಲ್ಲಿಗೆ ಬರುತ್ತಿರಲಿಲ್ಲ. ಆ ಹೊಗೆಯಲ್ಲಿ ಅವ್ವನ ಸೀರೆಯ ವಾಸನೆ ಇತ್ತು ಎಂದರೆ ನಗುತ್ತೀರಿ. ಇತ್ತು.

ಮಾಘ ಮಾಸದಲ್ಲಿ ಒಂದು ದಿನ ಅಡುಗೆಮನೆಯಲ್ಲಿ ಅನ್ನ ಬಸಿಯುವಾಗ ಗಂಜಿ ನನ್ನ ಬಲಗೈ ಮೇಲೆ ಚೆಲ್ಲಿತು. ಮೊಣಕೈ ತನಕ ಬೊಬ್ಬೆ ಎದ್ದಿತು. ನಮ್ಮವರು ಬೈಯುತ್ತಲೇ ಜೇನು ಹಚ್ಚಿದರು, ಬೈಯುತ್ತಲೇ ಅಡುಗೆ ಕೆಲಸವನ್ನೂ ಮಾಡಿದರು. ಹನ್ನೆರಡು ದಿನ ಉಪ್ಪಿಲ್ಲದ ಸಾರು ಉಂಡೆ. ಹಿತ್ತಲಿನ ಒಲೆಯ ಕಡೆ ಯಾರೂ ಹೋಗಲಿಲ್ಲ. ಕೆಂಡ ಎರಡನೆಯ ದಿನಕ್ಕೇ ಆರಿತು.

ಮೂರನೆಯ ದಿನ ಬೆಳಿಗ್ಗೆ ಕರಿಬಸಮ್ಮ ಓಡುತ್ತ ಬಂದಳು. ತಲೆಗೂದಲಲ್ಲೆಲ್ಲ ಬೂದಿ. ಮುಚ್ಚಿದ ಬಟ್ಟಲನ್ನು ನನ್ನ ಮುಂದೆ ಇಟ್ಟಳು. ಮುಚ್ಚಳ ತೆಗೆದರೆ ಬಿಸಿ ರಾಗಿ ಅಂಬಲಿ. ಹಬೆ ಅವಳ ಮುಖಕ್ಕೂ ನನ್ನ ಮುಖಕ್ಕೂ ನಡುವೆ ಆಡಿತು.

"ಹಿಡೀತಾ?" ಎಂದೆ.

"ಹಿಡೀತು," ಎಂದಳು. "ನಮ್ಮತ್ತೆ ಮೂರು ಲೋಟ ಕುಡಿದು, ನಾಲಗೆ ಸುಟ್ಟುಕೊಂಡು, ನನಗೇ ಬೈದ್ಲು ಟೀಚರಮ್ಮ. ಎಷ್ಟು ಚಂದ ಬೈದ್ಲು ಅಂತೀರಿ."

ನಾವಿಬ್ಬರೂ ಅತ್ತೆವು. ನನ್ನ ಕೈಗೆ ಕಟ್ಟಿದ ಬಟ್ಟೆಯ ಮೇಲೆ ಅವಳು ಮುತ್ತು ಕೊಟ್ಟಳು, ನಾನು ನೋವಿಗೆ ಕಿರುಚಿದೆ. ಅಂದಿನ ಮಟ್ಟಿಗೆ ನನ್ನಷ್ಟು ಹೆಮ್ಮೆಯ ಹೆಂಗಸು ಊರಿನಲ್ಲಿ ಇರಲಿಲ್ಲ. ಮೂರು ವರ್ಷ ಬಿಡದೆ ಊದಿದವಳಿಗೆ ಕೊನೆಗೂ ಫಲ ಸಿಕ್ಕಿತು ಎಂದು ಸಭೆಯಲ್ಲಿ ನಾನೇ ಹೇಳಿದೆ. ತೋಟಪ್ಪನವರು ಅವಳಿಗೆ ಸಂಘದ ಹಿತ್ತಾಳೆಯ ಕೊಳವೆ ಕೊಟ್ಟರು. ಎರಡು ವಾರ ಕಳೆದ ಮೇಲಿನ ಸೋಮವಾರ ಅವರೇ ಮನೆಗೆ ಬಂದು ಒಲೆ ನೋಡುವುದು ಸಂಘದ ರೂಢಿ. ಆಗಲೂ ಉರಿಯುತ್ತಿದ್ದರೆ ಕೊಳವೆ ಅವಳದೇ, ಆರಿದ್ದರೆ ಹಿಂತಿರುಗಿಸಬೇಕು. ಅವಳು ಭಟ್ಟಿಯ ಕೂಲಿ ಬಿಟ್ಟಳು. ಆ ಜಾಗಕ್ಕೆ ಅದೇ ದಿನ ಇನ್ನೊಬ್ಬಳು ಬಂದಳು. ಕರಿಬಸಮ್ಮ ಅಟ್ಟದಿಂದ ಬಾಣಲೆ ಇಳಿಸಿ ಮಂಡಕ್ಕಿ ಹುರಿಯಲು ಕೂತಳು.

ತರಗತಿಯಲ್ಲಿ ಅವಳ ಚಾಪೆ ಖಾಲಿ ಇತ್ತು. ಒಂದು ಸೋಮವಾರ ಕಳೆಯಿತು, ಯಾರೂ ಬರಲಿಲ್ಲ. ಜನಕ್ಕೆ ಇನ್ನೂ ತಿಳಿದಿಲ್ಲವೇನೋ ಎಂದುಕೊಂಡೆ.

ಹದಿಮೂರನೆಯ ದಿನಕ್ಕೆ ನನ್ನ ಕೈ ವಾಸಿಯಾಗಿತ್ತು. ಮೂರು ಗಂಟೆಗೆ ಹಿತ್ತಲಿಗೆ ಹೋದೆ. ಅವ್ವನ ಕಲ್ಲುಗಳ ಮೇಲಿನ ಹುಣಸೆ ಎಲೆ ಗುಡಿಸಿ, ಕಡ್ಡಿ ಕೀರಿ, ಊದಿದೆ. ಮೊದಲು ಹಿಡಿಯಲಿಲ್ಲ. ಇಪ್ಪತ್ತೆರಡು ವರ್ಷ ಕಲಿಸಿದವಳಿಗೆ ಅವಮಾನವಾದ ಹಾಗಾಯಿತು. ಹಟ ಹಿಡಿದು ಹೊಟ್ಟೆಯಿಂದ ಊದಿದೆ. ಸುಮಾರು ಹೊತ್ತಾದ ಮೇಲೆ ಭಗ್ಗೆಂದು ಹೊತ್ತಿಕೊಂಡಿತು. ಕಾಫಿ ಬಹಳ ರುಚಿಯಾಗಿತ್ತು.

ಮಾರನೆಯ ದಿನ ಕರಿಬಸಮ್ಮ ಮತ್ತೆ ತರಗತಿಗೆ ಬಂದಳು. ಬಂದು ತನ್ನ ಚಾಪೆಯ ಮೇಲೆ ಕೂತಳು. ತಮಾಷೆ ಮಾಡಲಿಲ್ಲ.

"ನಿನ್ನೆ ಉಪ್ಪು ತರಾಕೆ ಅಂಗಡಿಗೆ ಹೋಗಿದ್ದೆ ಟೀಚರಮ್ಮ. ಮೂರು ಗಂಟೆ ಮಂಡಕ್ಕಿ ಗಾಡಿ ಹೊರಡೋ ಹೊತ್ತು. ಬಂದು ನೋಡಿದ್ರೆ ಆರಿಹೋಗಿತ್ತು. ಅರ್ಧ ಹುರಿದ ಅಕ್ಕಿ ಬಾಣಲೆಯಲ್ಲೇ ಐತೆ."

"ಒಲೆ ಹೊತ್ತಿದ ಹೊಸದರಲ್ಲಿ ಬಿಟ್ಟು ಹೋಗ್ತಾರೇನೇ?" ಎಂದು ಗದರಿದೆ. "ಹತ್ತು ದಿನಕ್ಕೇ ಸಲಿಗೆ ಬಂತಾ ನಿನಗೆ? ಇಷ್ಟು ವರ್ಷದ ಕಷ್ಟ ನೀರಲ್ಲಿ ಹಾಕಿದೆಯಲ್ಲ."

ಅವಳು ತಲೆ ತಗ್ಗಿಸಿ, "ತಪ್ಪಾಯ್ತು," ಎಂದಳು. ಆ ಮಾತು ನನ್ನ ಕಿವಿಯಲ್ಲಿ ಈಗಲೂ ಇದೆ. ಯಾಕೆಂದರೆ ಆ ಮಾತು ಮುಗಿಯುವ ಮೊದಲೇ ನನಗೆ ಯಾವುದೋ ಒಂದು ಲೆಕ್ಕ ಹೊಳೆದಿತ್ತು, ಹೊಳೆದದ್ದನ್ನು ನಾನು ಬೇಡವೆಂದು ತಳ್ಳಿ, ಅವಳಿಗೆ ಇನ್ನೂ ಎರಡು ಮಾತು ಬೈದೆ.

ಆ ದಿನ ಅವಳ ಮನೆಗೆ ಹೋದೆ. ಸೌದೆ ಜೋಡಿಸಿದ್ದು ಸರಿಯಾಗಿತ್ತು, ಗಾಳಿಕಂಡಿ ಸರಿಯಾಗಿತ್ತು. ಅವಳು ಊದಿದಳು, ನಾನು ಊದಿದೆ. ಅತ್ತೆ ಮೂಲೆಯಲ್ಲಿ ಖಾಲಿ ಲೋಟ ಹಿಡಿದು ಕೂತು ನೋಡುತ್ತಿದ್ದರು. "ಯಾರ ಕಣ್ಣು ಬಿತ್ತೋ ನಮ್ಮ ಅಂಬಲಿ ಮ್ಯಾಲೆ," ಎಂದರು. ಮೂರು ವರ್ಷದ ಹಿಂದೆ ಒಲೆ ಆರಿದ್ದು ಯುಗಾದಿಯ ಮುಂದಿನ ವಾರ ಎಂದು ಕರಿಬಸಮ್ಮ ಎಷ್ಟು ಸಲ ಹೇಳಿರಲಿಲ್ಲ? ಅವ್ವನ ವರ್ಷದ ಪೂಜೆ ಆದದ್ದೂ ಅದೇ ಯುಗಾದಿಯ ಮುಂದಿನ ವಾರ. ಅವಳು ನೀರಿಗೆ ಹೋಗಿದ್ದ ಹೊತ್ತಿನಲ್ಲಿ ನಾನು ಮೂರು ಕಲ್ಲು ಹೂಡಿ ಊದುತ್ತಿದ್ದೆ.

ಮನೆಗೆ ಬಂದು ಮಂಚದ ಮೇಲೆ ಬಿದ್ದುಕೊಂಡೆ. ಒಬ್ಬೊಬ್ಬರೇ ನೆನಪಾದರು. ಸಿದ್ದಮ್ಮನ ಒಲೆ ಹೊತ್ತಿದ ವಾರ ಗಿರಿಜವ್ವ ಅಳುತ್ತ ಬಂದಿದ್ದಳು. ಗಿರಿಜವ್ವ ಗೆದ್ದು ಹೋದಾಗ ಅವಳ ಓರಗಿತ್ತಿಯೇ ಬಂದಳು. ನಾನು ಕಲಿಸಿದ್ದು ಸುಳ್ಳಲ್ಲ. ಎಲ್ಲಿಯೋ ಒಂದು ಒಲೆ ಆರಿ ಅದರ ಪಾಲು ಬಿಡುವಾದಾಗ ಕೊಳವೆ ಹಿಡಿದು ಚೆನ್ನಾಗಿ ಊದುತ್ತ ಕೂತವಳಿಗೇ ಅದು ಸಿಗುತ್ತದೆ. ಆದರೆ ಹದಿನಾಲ್ಕು ಜನಕ್ಕೂ ಎಷ್ಟೇ ಚೆನ್ನಾಗಿ ಕಲಿಸಿದರೂ ಚಾಪೆ ಹದಿನಾಲ್ಕೇ ಇರುತ್ತದೆ. ಇವತ್ತು ಕೂರುವವಳು ಯಾರು ಎಂಬುದು ಮಾತ್ರ ಬದಲಾಗುತ್ತದೆ. ಇಪ್ಪತ್ತೆರಡು ವರ್ಷ ನಾನು ಮಾಡಿದ್ದು ಸಾಲಿನಲ್ಲಿ ನಿಂತವರನ್ನು ಹಿಂದೆ ಮುಂದೆ ಮಾಡುವ ಕೆಲಸ. ಮೇಲಾಗಿ, ಹಿಂದೆ ಬಿದ್ದವಳಿಗೆ ಮನಸ್ಸಿಟ್ಟು ಊದಲಿಲ್ಲ ಎಂದು ಹೇಳುವ ಕೆಲಸ.

ಸಂಜೆ ನಮ್ಮವರಿಗೆ ತಟ್ಟೆ ಇಡುವಾಗ ಮೆಲ್ಲಗೆ ಕೇಳಿದೆ.

"ಎರಡು ಒಲೆ ಇರೋರು ಒಂದನ್ನ ಆರಿಸಿದ್ರೆ ಕೆಳಗಿನ ಕೇರಿಯಲ್ಲಿ ಒಂದು ಹೊತ್ತುತ್ತೆ ಅಂತ ಯಾರಾದ್ರೂ ಅಂದ್ರೆ?"

ನಮ್ಮವರು ಶಾಲೆಯಲ್ಲಿ ಗಣಿತ ಹೇಳಿ ನಿವೃತ್ತರಾದವರು. ಮಜ್ಜಿಗೆ ಹಾಕಿಕೊಳ್ಳುತ್ತ ಯೋಚಿಸಿದರು.

"ಯಾರು ಅಂದಿದ್ದು?"

"ತರಗತಿಯಲ್ಲಿ ಯಾರೋ."

"ಅದು ನಿಜ ಅಂತ ತಿಳಿಯೋಕೆ ಊರಿನ ಒಲೆ ಎಲ್ಲ ಎಣಿಸಬೇಕು. ಎಣಿಸೋಕೆ ಜನ ಮನೆ ಒಳಗೆ ಬರಬೇಕು. ನಿನ್ನ ಹಿತ್ತಲಿಗೂ ಬರ್ತಾರೆ, ನೀನು ಸುಮ್ಮನಿರ್ತೀಯ?" ಎಂದರು. ಆಮೇಲೆ, ಅವರು ಕೆಟ್ಟವರಲ್ಲವಾದ್ದರಿಂದ, "ಮತ್ತೆ ಒಬ್ಬರು ಆರಿಸಿದ್ರೆ ಅದು ಬಡವರ ಮನೆಗೇ ಹೋಗ್ತದೆ ಅಂತ ಏನು ಗ್ಯಾರಂಟಿ? ಆ ಹೊತ್ತಿಗೆ ತೋಟಪ್ಪನವರ ಮನೆಯಲ್ಲಿ ಹೊಸ ಭಟ್ಟಿ ಹೂಡ್ತಿದ್ರೆ ಅಲ್ಲಿಗೇ ಹೋಗಬಹುದು. ಉಪ್ಪಿನಕಾಯಿ ಇಲ್ವಾ?" ಎಂದರು.

ಉಪ್ಪಿನಕಾಯಿ ತರಲು ಒಳಗೆ ಹೋದವಳು ಭರಣಿಯ ಮುಂದೆ ಸುಮ್ಮನೆ ನಿಂತೆ. ಹಾಲಜ್ಜಿ ಕಣ್ಣಮುಂದೆ ಬಂದಳು. ಅವ್ವ ಮರಳು ತೊಳೆಯುತ್ತಿದ್ದ ಮೂಲೆಮನೆಯ ಹಾಲಜ್ಜಿ. ಅವಳಿಗೆ ಮಹಡಿಯ ಮೇಲೊಂದು ಒಲೆ ಇತ್ತು. ನಾನು ಅವ್ವನ ಜೊತೆ ಹೋದಾಗ ಅಲ್ಲಿ ಕಡಲೆ ಹುರಿದು ನನ್ನ ಲಂಗದಲ್ಲಿ ಸುರಿಯುತ್ತಿದ್ದಳು. ಆ ವರ್ಷ ಅವಳು ಮಹಡಿಯ ಒಲೆ ಬಿಟ್ಟಳು. ಮಂಡಿನೋವು, ಮೆಟ್ಟಿಲು ಹತ್ತಲಾಗುವುದಿಲ್ಲ ಎಂದಳಂತೆ. ಕೆಳಗಿನ ಒಂದೇ ಒಲೆಯಲ್ಲಿ ಎಲ್ಲ ಆಗಬೇಕಾಗಿ, ಕಾಫಿ ತಡವಾಯಿತೆಂದು ಅವಳ ಗಂಡುಮಕ್ಕಳು ಕೂಗಾಡುತ್ತಿದ್ದುದನ್ನು ಅವ್ವ ಹೇಳಿದ ನೆನಪಿದೆ. ಆ ವರ್ಷವೇ ಅಲ್ಲವೇ ನನ್ನ ಪಪ್ಪಾಯಿ ದಂಟು?

ಅದರ ಮುಂದಿನ ಬೇಸಿಗೆ, ಅದರ ಮುಂದಿನ ಬೇಸಿಗೆಯೂ, ಹಾಲಜ್ಜಿ ಮಹಡಿಯ ಮೇಲೆ ಸಂಡಿಗೆ ಹಾಕಿ ಕೋಲು ಹಿಡಿದು ಕಾಗೆ ಓಡಿಸುತ್ತಿದ್ದಳು. ದಿನಕ್ಕೆ ಐದಾರು ಸಲ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು. ಬೀದಿಯಲ್ಲಿ ಹೋಗುವ ನನ್ನನ್ನು ಮೇಲಿನಿಂದ ಕೂಗಿ, "ಏ ವನಜಿ, ಬಿಸಿ ಉಂಡ್ಯೇನೇ?" ಎಂದು ಕೇಳುತ್ತಿದ್ದಳು. ಎಲ್ಲರನ್ನೂ ಹಾಗೆಯೇ ಕೇಳುತ್ತಾಳೆ ಎಂದುಕೊಂಡಿದ್ದೆ.

"ಉಪ್ಪಿನಕಾಯಿ ತಯಾರು ಮಾಡ್ತಿದ್ದೀಯಾ?" ಎಂದು ನಮ್ಮವರು ಕರೆದರು.

ಮಾರನೆಯ ದಿನ ಕರಿಬಸಮ್ಮ ತರಗತಿಗೆ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮೂರು ದಿನ ಬಿಟ್ಟರೆ ಸೋಮವಾರ. ತೋಟಪ್ಪನವರು ಅವಳ ಒಲೆ ನೋಡಲು ಬರುವ ದಿನ. ನಾನೇ ಹೋದೆ. ಅವಳು ಜಗಲಿಯ ಮೇಲೆ ಹಿತ್ತಾಳೆ ಕೊಳವೆಯನ್ನು ಹುಣಸೆಹುಳಿ ಹಾಕಿ ಉಜ್ಜುತ್ತಿದ್ದಳು. ಹೊಳೆಯುತ್ತಿತ್ತು.

"ವಾಪಸ್ ಕೊಡೋವಾಗ ಕೊಳೆ ಇರಬಾರದಲ್ಲ," ಎಂದಳು. "ಭಟ್ಟಿಗೆ ಹೋಗಿ ಕೇಳಿದೆ. ಜಾಗ ಇಲ್ಲ ಅಂದ್ರು. ನೋಡಣ."

"ಊದ್ತಾ ಇದ್ದೀಯಾ?"

"ಇಲ್ಲ."

"ಯಾಕೆ?"

"ನನಗೆ ಉಸಿರು ಬೇಕಲ್ಲ ಟೀಚರಮ್ಮ, ಬದುಕೋಕೆ."

ನಾನು ಅವಳ ಪಕ್ಕ ಕೂತೆ. ಒಳಗೆ ಅತ್ತೆ ಒಣ ಅವಲಕ್ಕಿಯನ್ನು ಒಸಡಿನಲ್ಲಿ ಹೊರಳಿಸುವ ಸದ್ದು ಕೇಳುತ್ತಿತ್ತು. ಇವಳು ಮತ್ತೆ ಕೊಳವೆ ಹಿಡಿಯದಿದ್ದರೆ, ಒಲೆ ಬಿಡುವಾದರೂ ಇವಳಿಗೆ ಸಿಗುವುದಿಲ್ಲ. ಯಾಕೆ ಹಿಡಿಯಬೇಕು ಎಂದು ನಾನು ಹೇಳುವ ಹಾಗೂ ಇರಲಿಲ್ಲ. ಹೇಳಿದರೆ ಅವಳು ಒಪ್ಪುವುದಿಲ್ಲ. ನಿಮ್ಮ ಅವ್ವನ ಒಲೆ ಆರಿಸಿ ನಾನು ಅಂಬಲಿ ಕುಡಿಯಲಾ ಎಂದು ನನಗೇ ಬೈಯುತ್ತಾಳೆ. ಇಲ್ಲವೇ, ಜೀವನಪೂರ್ತಿ ನನ್ನ ಮನೆಗೆ ಬಂದು ಪಾತ್ರೆ ತೊಳೆಯುತ್ತಾಳೆ. ಎರಡೂ ನನಗೆ ಬೇಡವಾಗಿತ್ತು.

"ನಾಳೆ ಒಂದು ದಿನ ಊದು," ಎಂದೆ. "ಮೂರು ಗಂಟೆಗೆ ಮಂಡಕ್ಕಿ ಗಾಡಿಗಳು ಹೊರಡ್ತವಲ್ಲ, ಆ ಗಂಟೆ ಸದ್ದು ಕೇಳಿದ ತಕ್ಷಣ ಶುರು ಮಾಡು. ಗಾಡಿ ಎಲ್ಲ ಊರು ದಾಟೋ ತನಕ ನಿಲ್ಲಿಸಬೇಡ. ನೀರಿಗೆ ಹೋಗಬೇಡ, ಉಪ್ಪಿಗೆ ಹೋಗಬೇಡ."

"ಅದೇನು ಹೊಸ ಪಾಠ?"

"ಹಳೇ ಪಾಠವೇ. ಗಾಳಿ ಆ ಹೊತ್ತಿಗೆ ಈ ಕಡೆ ತಿರುಗ್ತದೆ."

ಅವಳು ನನ್ನ ಮುಖವನ್ನೇ ನೋಡಿದಳು. ಅವಳು ದಡ್ಡಿಯಲ್ಲ. "ಗಾಳಿಗೂ ಗಂಟೆ ಕಲಿಸಿದ್ರಾ ನೀವು," ಎಂದಳು. ಆಮೇಲೆ ಕೊಳವೆಯನ್ನು ಸೀರೆಯಲ್ಲಿ ಒರೆಸಿ, "ನಾಳೆ ಒಂದೇ ದಿನ. ನೀವು ಅಂದ್ರಿ ಅಂತ," ಎಂದಳು.

ಮಾರನೆಯ ದಿನ ಎರಡೂವರೆಗೇ ಹಿತ್ತಲಿಗೆ ಹೋದೆ. ಕಾಫಿ ಮಾಡಿಕೊಂಡೆ. ಎಂದಿಗಿಂತ ಸ್ವಲ್ಪ ಹೆಚ್ಚು ಬೆಲ್ಲ ಹಾಕಿ, ಅವ್ವ ಮಾಡುತ್ತಿದ್ದ ಹಾಗೆ ಚೂರು ಒಣಶುಂಠಿ ಹಾಕಿ ಮಾಡಿಕೊಂಡೆ. ಅರ್ಧ ಕುಡಿದು ಕೂತೆ. ಹುಣಸೆಮರದ ನೆರಳು ಮೂರನೆಯ ಕಲ್ಲಿನ ಮೇಲೆ ಬಂದಿತ್ತು. ನನಗೆ ದುಃಖವಾದದ್ದು ಅವ್ವನ ಬೆಂಕಿ ಆರುತ್ತದೆಂದಲ್ಲ. ಅವ್ವ ಇದ್ದಿದ್ದರೆ ಎದ್ದು ತಾನೇ ನೀರು ಸುರಿಯುತ್ತಿದ್ದಳು. ನನಗೆ ದುಃಖವಾದದ್ದು ಒಂಬತ್ತು ವರ್ಷದ ಆ ಹುಡುಗಿಗಾಗಿ. ತಲೆ ತಿರುಗುವಷ್ಟು ಊದಿ ತನ್ನ ಮನೆಯನ್ನು ತಾನೇ ಎತ್ತಿ ನಿಲ್ಲಿಸಿದೆನೆಂದು ಆ ದಿನ ಕುಣಿದಿದ್ದಳಲ್ಲ, ಅವಳನ್ನು ಕೂರಿಸಿ ನಿಜ ಹೇಳಬೇಕಾಗಿತ್ತು. ನೀನು ಚೆನ್ನಾಗಿಯೇ ಊದಿದೆ ಮಗಳೇ, ಆದರೆ ಯಾರೋ ಮೆಟ್ಟಿಲು ಇಳಿದಿದ್ದರು ಎಂದು. ಅವಳು ಒಪ್ಪಲು ಸ್ವಲ್ಪ ಹೊತ್ತು ಬೇಕಾಯಿತು.

ದೂರದಲ್ಲಿ ಗಾಡಿಗಳ ಗಂಟೆ ಕೇಳಿಸಿತು. ಚೊಂಬಿನ ನೀರನ್ನು ಕೆಂಡದ ಮೇಲೆ ಸುರಿದೆ. ಒಂದು ನಿಟ್ಟುಸಿರಿನಷ್ಟು ಸದ್ದು. ಬಿಳಿ ಹಬೆ ಎದ್ದು ಮರದೊಳಗೆ ಹೋಯಿತು.

ಕಲ್ಲುಗಳನ್ನು ಅಲ್ಲೇ ಬಿಟ್ಟೆ. ಉಳಿದ ಅರ್ಧ ಲೋಟ ಕಾಫಿಯನ್ನು ತಣ್ಣಗಾದ ಮೇಲೆ ಕುಡಿದೆ. ಕೆಳಗಿನ ಕೇರಿಯಲ್ಲಿ ಏನಾಯಿತೆಂದು ತಿಳಿಯಲು ಮನಸ್ಸು ಒದ್ದಾಡುತ್ತಿತ್ತು, ಆದರೆ ಹೋಗಲಿಲ್ಲ. ಸಂಜೆ ನಮ್ಮವರು ಹಿತ್ತಲಿನಿಂದ ಕೈಕಾಲು ತೊಳೆದು ಬಂದು, "ಏನೇ, ನಿನ್ನ ಒಲೆ ತಣ್ಣಗೈತೆ?" ಎಂದರು.

"ಹೊಗೆಗೆ ಕಣ್ಣು ಉರೀತವೆ ಈಚೆಗೆ. ಇನ್ನು ಒಳಗೇ ಮಾಡ್ಕೋತೀನಿ," ಎಂದೆ.

"ಡಾಕ್ಟರಿಗೆ ತೋರಿಸು," ಎಂದರು. ಆಮೇಲೆ, "ಮೂರು ಗಂಟೆಗೆ ನಾನು ಬೇಕಾದ್ರೆ ಅಡುಗೆಮನೆ ಕಡೆ ಬರಲ್ಲ. ಕೂತ್ಕೊಂಡು ಕುಡಿ," ಎಂದರು. ಈ ಮೂರು ವರ್ಷದಲ್ಲಿ ನನ್ನ ಹಿತ್ತಲಿನ ಬಗ್ಗೆ ಅವರಿಗೆ ಇಷ್ಟು ಗೊತ್ತಿದೆಯೆಂದು ನನಗೆ ಗೊತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಕೊಳವೆಗಳನ್ನು ಒರೆಸುತ್ತ ಬಾಗಿಲ ಕಡೆಯೇ ನೋಡುತ್ತಿದ್ದೆ. ಒಬ್ಬೊಬ್ಬರೇ ಬಂದರು. ಹದಿಮೂರು ಜನ ಬಂದು ಕೂತರು. ಹದಿನಾಲ್ಕನೆಯ ಚಾಪೆ ಖಾಲಿ ಉಳಿಯಿತು. ಸ್ವಲ್ಪ ಹೊತ್ತಿನಲ್ಲಿ ತೋಟಪ್ಪನವರೇ ಬಂದರು. ಅವರ ಕೈಯಲ್ಲಿ ಕಾಗದದ ಪೊಟ್ಟಣ. ಅದರ ತುಂಬ ಬಿಸಿ ಮಂಡಕ್ಕಿ.

"ನಿಮಗೆ ಕೊಡು ಅಂದ್ಲು ಕರಿಬಸಮ್ಮ," ಎಂದರು. "ನೋಡಿ ವನಜಾಕ್ಷಮ್ಮ, ನಡುವೆ ಒಂದು ಸಲ ಆರಿತ್ತಂತೆ. ತಾನೇ ಹೇಳಿದ್ಲು, ಮುಚ್ಚಿಡಲಿಲ್ಲ. ಆದರೂ ಬಿಡದೆ ಊದಿದಳಂತೆ. ಇದನ್ನ ಮುಂದಿನ ಸಭೆಯಲ್ಲಿ ಹೇಳಬೇಕು." ಅವರ ಕಣ್ಣು ನಿಜವಾಗಿ ಒದ್ದೆಯಾಗಿತ್ತು. "ಒಂದು ಮಾತು ಹೇಳಲಾ? ಹೀಗೇ ಒಬ್ಬೊಬ್ಬರಾಗಿ ಎಲ್ಲರ ಮನೆಯಲ್ಲೂ ಹೊತ್ತಿದರೆ, ನಾನು ನೆಮ್ಮದಿಯಾಗಿ ಕಣ್ಣು ಮುಚ್ಚುತ್ತೇನೆ."

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರು ಹೇಳಿದ್ದು ಮನಸ್ಸಿನಿಂದ. ಅವರೂ ನನ್ನ ಹಾಗೆಯೇ ತಲೆ ತಗ್ಗಿಸಿ ನಡೆಯಲು ಕಲಿತವರು. ತಮ್ಮ ಮನೆಯ ಚಾವಣಿಯನ್ನು ಬೀದಿಯಲ್ಲಿ ನಿಂತು ಅವರೂ ನೋಡಿರಲಾರರು.

ಅಂದು ಪಾಠ ಮಾಡಿದೆ. ಹದಿಮೂರು ಜನಕ್ಕೂ ಹೊಟ್ಟೆಯಿಂದ ಉಸಿರೆಳೆಯುವುದನ್ನು ತೋರಿಸಿದೆ. ಮನಸ್ಸಿಟ್ಟು ಊದಿ ಎಂದು ಮಾತ್ರ ಹೇಳಲಿಲ್ಲ. ಎಲ್ಲರೂ ಹೋದ ಮೇಲೆ ಹದಿನಾಲ್ಕನೆಯ ಚಾಪೆಯನ್ನು ಸುತ್ತಿ, ದಾರ ಕಟ್ಟಿ, ಅಟ್ಟದ ಮೇಲೆ ಇಟ್ಟೆ. ಮಂಡಕ್ಕಿ ಪೊಟ್ಟಣ ಹಿಡಿದು ಮನೆಯ ಕಡೆ ಹೊರಟೆ.

ಮಧ್ಯಾಹ್ನದ ಅಡುಗೆಯ ಹೊತ್ತು. ಬೀದಿಯಲ್ಲಿ ಹೆಂಗಸರು ಎಂದಿನಂತೆ ನೆಲ ನೋಡುತ್ತ, ಮರ್ಯಾದೆಯಾಗಿ ನಡೆಯುತ್ತಿದ್ದರು. ಪರಿಚಯದವರು ಚಪ್ಪಲಿ ನೋಡಿಯೇ ನನ್ನನ್ನು ಗುರುತಿಸಿ ಮಾತಾಡಿಸಿದರು. ಹಾಲಜ್ಜಿ ಒಂದು ಒಲೆ ಆರಿಸಿದಳು, ನಾನು ಒಂದು ಆರಿಸಿದೆ. ಇಬ್ಬರ ನಡುವೆ ನಲವತ್ತು ವರ್ಷ ಕಳೆಯಿತು. ಹೀಗೆ ಒಬ್ಬೊಬ್ಬರೇ ಮಂಡಿನೋವು, ಕಣ್ಣುರಿ ಎನ್ನುತ್ತ ಹೋದರೆ ಉಳಿದ ಹದಿಮೂರು ಚಾಪೆ ಸುತ್ತುವುದು ಯಾವಾಗ? ಮೊದಲು ಊರಿನಲ್ಲಿ ಒಲೆ ಎಷ್ಟಿವೆ ಎಂದು ಯಾರಿಗಾದರೂ ತಿಳಿದಿರಬೇಕು.

ಮೂಲೆಮನೆಯ ಹತ್ತಿರ ನಿಂತೆ. ಎರಡು ಕಾಳು ಮಂಡಕ್ಕಿ ಬಾಯಿಗೆ ಹಾಕಿಕೊಂಡೆ, ಉಪ್ಪು ಹದವಾಗಿತ್ತು. ಐವತ್ತೊಂದು ವರ್ಷದಲ್ಲಿ ಮೊದಲ ಸಲ ತಲೆ ಎತ್ತಿ ಮೇಲಿನ ಬೀದಿಯ ಚಾವಣಿಗಳನ್ನು, ಅವುಗಳಿಂದ ಏಳುತ್ತಿದ್ದ ಹೊಗೆಯನ್ನು ನೋಡಿದೆ. ಎಷ್ಟೊಂದು ಇದ್ದವು. ಕತ್ತು ನೋಯುವಷ್ಟು. ಬಾಯಿ ಮುಚ್ಚಿಕೊಂಡು, ತುಟಿ ಕೂಡ ಆಡದ ಹಾಗೆ, ನಮ್ಮ ಮನೆಯಿಂದಲೇ ಶುರು ಮಾಡಿದೆ. ಒಂದು.